ಮಕ್ಕಳ ಪಟ್ಟಿ ಯಾರ ಕೈಯಲ್ಲಿದೆ?

ಕಳೆದ ಮಳೆಗಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಲ್ಲ, ತೆಂಗಿನಗುಂಡಿ ಬಂದರಿನಲ್ಲಿ ದೋಣಿಗಳೆಲ್ಲ ಟಾರ್ಪಾಲು ಹೊದ್ದು ನಿಂತಿದ್ದವು. ಬೆಳಗಿನ ಮದ್ರಸ ಬಿಟ್ಟು ಮಕ್ಕಳು ಶಾಲೆಗೆ ಹೊರಟಿದ್ದರು. ನಾವು ಹಾಜರಿ ಪುಸ್ತಕ ಮುಚ್ಚುವ ಹೊತ್ತಿಗೆ ಒಬ್ಬ ತಾಯಿ ಬಾಗಿಲ ಹೊರಗೆ ಮಳೆನೀರು ಸೋರುವ ಕೊಡೆ ಹಿಡಿದು ನಿಂತಿದ್ದರು.

"ಮೌಲಾನಾ, ಮಗಳ ಸ್ಕಾಲರ್‌ಶಿಪ್ ವಿಷಯ ನೀವು ಯಾರಿಗಾದ್ರೂ ಹೇಳಿದ್ರಾ?"

ನಮ್ಮ ಮಂಗಳೂರು ಕಡೆಯಲ್ಲಾದರೆ ಉಸ್ತಾದ್ ಎನ್ನುತ್ತಾರೆ, ಇಲ್ಲಿ ಮೌಲಾನಾ. ನಮ್ಮ ಮನೆಮಾತು ಬ್ಯಾರಿ, ಈ ಮಕ್ಕಳ ಮನೆಗಳಲ್ಲಿ ನವಾಯತಿ, ಉರ್ದು, ಹೀಗೆ ಒಂದೊಂದು. ನಮಗೂ ಮಕ್ಕಳ ತಾಯಂದಿರಿಗೂ ನಡುವೆ ಕನ್ನಡವೇ ಸೇತುವೆ. ಆ ತಾಯಿ ಹೇಳಿದ್ದು ಇಷ್ಟು. ಹಿಂದಿನ ದಿನ ಹನ್ನೊಂದು ಗಂಟೆ ಸುಮಾರಿಗೆ ಫೋನ್ ಬಂತು. ಅರ್ಧ ಹಿಂದಿ, ಅರ್ಧ ಕನ್ನಡ. ನಿಮ್ಮ ಮಗಳು ಏಳನೇ ಕ್ಲಾಸ್ ಅಲ್ವಾ ಎಂದು ಕೇಳಿ, ಮಗಳ ಹೆಸರು, ಗಂಡನ ಹೆಸರು, ಮಗಳು ಹುಟ್ಟಿದ ತಾರೀಕು ಎಲ್ಲ ಅವನೇ ಹೇಳಿದ. ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ಮಂಜೂರಾಗಿದೆ, ಗೂಗಲ್‌ಪೇ ತೆರೆಯಿರಿ, ಹಣ ಸ್ವೀಕರಿಸಲು ಪಿನ್ ಒತ್ತಿ ಎಂದ. ಎರಡು ಸಲ ಒತ್ತಿದರು. ಹನ್ನೆರಡು ಸಾವಿರದ ನಾಲ್ಕುನೂರು ರೂಪಾಯಿ ಹೋಯಿತು. ಗಂಡ ದುಬೈಯಿಂದ ಮನೆ ಖರ್ಚಿಗೆ ಕಳಿಸಿದ ಹಣ.

"ಅಷ್ಟೆಲ್ಲ ವಿವರ ಹೇಳ್ವಾಗ ಸರಕಾರದವನೇ ಅಂದ್ಕೊಂಡೆ. ಒಂದೇ ಒಂದು, ಅವಳ ಹೆಸರು ಅವ ತಪ್ಪು ಹೇಳ್ದ. ನಿಮ್ಮ ಪಟ್ಟಿಲಿ ಇತ್ತಲ್ಲ, ಹಂಗೇ."

ನಮ್ಮ ಎದೆ ಧಸಕ್ಕೆಂದಿತು. ಮೇ ಕೊನೆಯಲ್ಲಿ ಪಠ್ಯಪುಸ್ತಕ ತರಿಸಲು ನಾವೊಂದು ಪಟ್ಟಿ ಮಾಡಿದ್ದೆವು. ಮಗುವಿನ ಹೆಸರು, ತಂದೆಯ ಹೆಸರು, ತರಗತಿ, ಜನ್ಮದಿನಾಂಕ, ತಾಯಿಯ ಮೊಬೈಲ್ ನಂಬರ್. ಹೆಸರಿನಲ್ಲಿ ತಪ್ಪಿದ್ದರೆ ತಿಳಿಸಿ ಎಂದು ಬರೆದು ಅದನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೂ ನಾವೇ. ಆ ಹುಡುಗಿಯ ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತು. ಶಾಲೆಯ ದಾಖಲೆಯಲ್ಲಿ ಸರಿಯಿದೆ, ಆಧಾರ್‌ನಲ್ಲಿ ಸರಿಯಿದೆ. ತಪ್ಪು ಇದ್ದದ್ದು ಲೋಕದಲ್ಲಿ ಒಂದೇ ಕಡೆ.

ತಕ್ಷಣ 1930ಕ್ಕೆ ಫೋನ್ ಮಾಡಿಸಿದೆವು. ದೂರು ಬರೆದುಕೊಂಡರು, ನಂಬರ್ ಕೊಟ್ಟರು. ಹಣ ಹೋದ ಕೂಡಲೇ ಹೇಳಿದ್ದರೆ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮುಂಚೆ ಬ್ಯಾಂಕಿನವರು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಇಲ್ಲಿ ಒಂದು ದಿನ ಕಳೆದಿತ್ತು. ಹಣ ಇನ್ನೂ ಬಂದಿಲ್ಲ. ಆ ತಾಯಿ ಹೊರಡುವಾಗ ಕೇಳಿದ್ದು ಒಂದೇ: "ಅವರಿಗೆ ಫೋನಲ್ಲಿ ಹೇಳ್ಬೇಡಿ ಮೌಲಾನಾ."

ಆ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ನಂಬರ್‌ಗಳಿದ್ದವು. ನಮ್ಮ ಮದ್ರಸದ ಮಕ್ಕಳ ಮನೆಗಳು ಅದರ ಅರ್ಧದಷ್ಟೂ ಇಲ್ಲ! ಹಳೆಯ ವಿದ್ಯಾರ್ಥಿಗಳ ಪೋಷಕರು, ಊರು ಬಿಟ್ಟು ಹೋದವರು, ಯಾವಾಗಲೋ ಹಂಚಿದ ಲಿಂಕ್ ಒತ್ತಿ ಒಳಬಂದವರು, ಎಲ್ಲರೂ ಅಲ್ಲೇ. ಬಳಸದೆ ಸ್ಥಗಿತಗೊಂಡ ಮೊಬೈಲ್ ನಂಬರನ್ನು, ಸ್ಥಗಿತಗೊಂಡು 90 ದಿನ ಕಳೆದ ಮೇಲೆ ಕಂಪೆನಿಗಳು ಬೇರೆಯವರಿಗೆ ಕೊಡಬಹುದು ಎನ್ನುವುದೂ ನಮಗೆ ಆಮೇಲೆ ತಿಳಿಯಿತು. ನಾವು ಐದು ವರ್ಷದ ಹಿಂದೆ ಸೇರಿಸಿದ ನಂಬರ್ ಇವತ್ತು ಯಾರ ಜೇಬಿನಲ್ಲಿದೆಯೋ. ಪಟ್ಟಿಯನ್ನು ಅಳಿಸಲು ನೋಡಿದೆವು. ತಿಂಗಳು ಕಳೆದ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸಲು ಬರುವುದಿಲ್ಲ.

ಇದನ್ನು ಪತ್ರಿಕೆಯಲ್ಲಿ ಬರೆಯಬೇಕಾ ಎಂದು ಒಬ್ಬ ಹಿರಿಯರು ಕೇಳಿದರು. ಬರೆಯಬೇಕು. ಏಕೆಂದರೆ ಜಮಾಅತಿನ ಸಭೆಯಾಗಲಿ ಪೋಷಕರ ಸಭೆಯಾಗಲಿ, ಮೊಬೈಲ್ ವಿಷಯ ಬಂದರೆ ನಾವೆಲ್ಲ ಬೈಯುವುದು ಮಕ್ಕಳನ್ನೇ. ಹುಡುಗ ರಾತ್ರಿಯೆಲ್ಲ ಗೇಮ್ ಆಡುತ್ತಾನೆ, ಹುಡುಗಿ ರೀಲ್ಸ್ ನೋಡುತ್ತಾಳೆ. ಸುಳ್ಳಲ್ಲ, ಆದರೆ ಆ ಹುಡುಗಿ ಫೋನನ್ನು ಮುಟ್ಟಿರಲೂ ಇಲ್ಲ. ಅವಳ ವಿವರವನ್ನು ಬೀದಿಗೆ ತಂದವರು ಗಡ್ಡ ಬಿಟ್ಟ ದೊಡ್ಡವರು. ಬೇರೆಯವರ ಮನೆಯೊಳಗೆ ಕಾಲಿಡುವ ಮುಂಚೆ ಸಲಾಂ ಹೇಳಿ ಅನುಮತಿ ಕೇಳಬೇಕು, ಒಳಗೆ ಇಣುಕಬಾರದು ಎಂದು ಎಳೆಯ ಮಕ್ಕಳಿಗೆ ಪಾಠ ಹೇಳುವವರೂ ನಾವೇ ಅಲ್ಲವಾ?

ಒಂದು ಮಗುವಿನ ಬಗ್ಗೆ ನಮ್ಮ ಸಂಸ್ಥೆಗಳ ಬಳಿ ಎಷ್ಟು ಮಾಹಿತಿ ಇದೆ ಎಂದು ಒಮ್ಮೆ ಲೆಕ್ಕ ಹಾಕಿ. ಶಾಲೆಯಲ್ಲಿ ಎಸ್‌ಎಟಿಎಸ್ ನಂಬರ್, ಅದರ ಜೊತೆ ತಂದೆ ತಾಯಿಯ ಹೆಸರು, ಧರ್ಮ, ಜಾತಿ, ಆಧಾರ್, ಮೊಬೈಲ್. ಈಗ ಅದರ ಮೇಲೆ 12 ಅಂಕಿಯ ಅಪಾರ್ ಗುರುತು. ಅಪಾರ್‌ಗೆ ಪೋಷಕರಿಂದ ಸಹಿ ಹಾಕಿಸಿಕೊಳ್ಳುವ ಕಾಗದ ಇದೆಯಲ್ಲ, ಅದು ಒಪ್ಪಿಗೆ ಪತ್ರ. ಓದಿ ನೋಡುವ, ಬೇಡ ಎನ್ನುವ ಅಧಿಕಾರ ಪೋಷಕರಿಗಿದೆ. ಆದರೆ ನಾಳೆಯೇ ಸಹಿ ಮಾಡಿಸಿ ತನ್ನಿ ಎಂದು ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿದರೆ ಯಾವ ತಾಯಿ ಓದುತ್ತಾರೆ? ಮದ್ರಸದಲ್ಲಿ ದಾಖಲಾತಿ ಫಾರ್ಮ್. ಜಮಾಅತ್ ಕಚೇರಿಯಲ್ಲಿ ಮನೆ ಮನೆಯ ಲೆಕ್ಕ, ರಮಝಾನ್ ಕಿಟ್ ಪಡೆದವರ ಪಟ್ಟಿ. ಇದಲ್ಲದೆ ಶಂಸುದ್ದೀನ್ ಸರ್ಕಲ್ ಆಸುಪಾಸಿನ ಒಂದು ಸೈಬರ್ ಅಂಗಡಿಗೆ ನಾವೇ ಹೋಗಿದ್ದಾಗ, ಕಂಪ್ಯೂಟರ್ ಪರದೆಯ ಮೇಲೆ ಯಾರದ್ದೋ ಆಧಾರ್, ಯಾರದ್ದೋ ಬ್ಯಾಂಕ್ ಪಾಸ್‌ಬುಕ್, ಯಾರದ್ದೋ ಮಗಳ ಫೋಟೊ ಸಾಲಾಗಿ ಬಿದ್ದಿದ್ದವು. ಸ್ಕ್ಯಾನ್ ಮಾಡಿದವರು ಅಳಿಸಿರಲಿಲ್ಲ. ಹಳೆಯ ಅರ್ಜಿಗಳು ಗುಜರಿಗೆ ಹೋಗಿ ಕಡಲೆ ಪೊಟ್ಟಣವಾಗಿ ವಾಪಸ್ ಬಂದದ್ದನ್ನೂ ನಾವು ಕಂಡಿದ್ದೇವೆ.

ಸ್ಕಾಲರ್‌ಶಿಪ್ ಎಂದಾಗ ನಮ್ಮ ಸಮುದಾಯ ಮರೆಯಬಾರದ ಒಂದು ಸಂಗತಿಯಿದೆ. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ 21 ರಾಜ್ಯಗಳ 1,572 ಸಂಸ್ಥೆಗಳನ್ನು ಪರಿಶೀಲಿಸಿತು. ಅದರಲ್ಲಿ 830 ಸಂಸ್ಥೆಗಳು ನಕಲಿ ಇಲ್ಲವೇ ನಡೆಯದೇ ಇರುವಂಥವು. ಐದು ವರ್ಷಗಳಲ್ಲಿ 144 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಗಿದೆ ಎಂದು ಲೆಕ್ಕ ಸಿಕ್ಕಿತು. 2023ರಲ್ಲಿ ವಿಷಯ ಸಿಬಿಐ ಕೈಗೆ ಹೋಯಿತು. ಕರ್ನಾಟಕದ ಸಂಸ್ಥೆಗಳೂ ಆ ಪಟ್ಟಿಯಲ್ಲಿದ್ದವು. ಅದಕ್ಕೂ ಮೊದಲು 2020ರಲ್ಲಿ ಜಾರ್ಖಂಡ್‌ನಲ್ಲಿ ಇದೇ ಥರದ ವಂಚನೆ ಪತ್ರಿಕೆಗಳಲ್ಲಿ ಬಯಲಾಗಿತ್ತು. ಮಧ್ಯವರ್ತಿಗಳು ಬಡವರ ಆಧಾರ್, ಪಾಸ್‌ಬುಕ್, ಬೆರಳಚ್ಚು ತೆಗೆದುಕೊಂಡು, ಬಂದ ಹಣದಲ್ಲಿ ಚೂರು ಕೊಟ್ಟು ಉಳಿದದ್ದನ್ನು ನುಂಗಿದ್ದರು. ಇಲ್ಲದ ವಿದ್ಯಾರ್ಥಿಯನ್ನು ಕಾಗದದ ಮೇಲೆ ಹುಟ್ಟಿಸಲು ಇರುವ ಮಗುವಿನ ಹೆಸರು, ಆಧಾರ್ ಬೇಕಾಗುತ್ತದೆ. ಅದು ಸಿಗುವುದು ಇಂಥ ಪಟ್ಟಿಗಳಿಂದ, ಇಂಥ ಅಂಗಡಿಗಳಿಂದ. 2022-23ರಿಂದ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೇಂದ್ರದ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ ನಿಂತೇ ಹೋಗಿದೆ. ಏಳನೇ ತರಗತಿಯ ಹುಡುಗಿಗೆ ಆ ಹಣ ಬರುವ ಮಾತೇ ಇರಲಿಲ್ಲ. ಇದನ್ನು ತಾಯಂದಿರಿಗೆ ನಾವು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯುಪಿಐನಲ್ಲಿ ಹಣ ಬರುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ, ಪಿನ್ ಬೇಕಾಗುವುದು ಹಣ ಹೋಗುವುದಕ್ಕೆ ಎನ್ನುವುದನ್ನೂ ಹೇಳಿರಲಿಲ್ಲ.

ಹಣ ಹೋದರೆ ದುಡಿದು ತರಬಹುದು. ಹೆಣ್ಣುಮಕ್ಕಳ ನಂಬರ್ ಬೀದಿಗೆ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಕರಾವಳಿ ಕಣ್ಣಾರೆ ನೋಡಿದೆ. 2022ರ ಫೆಬ್ರವರಿ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಹಿಜಾಬ್ ಪ್ರಕರಣ ಹೈಕೋರ್ಟ್‌ನಲ್ಲಿತ್ತು. ಹಿಜಾಬ್ ವಾದವನ್ನು ಇಲ್ಲಿ ತೆಗೆಯುವುದಿಲ್ಲ, ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ ಗಲಾಟೆಯ ನಡುವೆ ಹೆಚ್ಚು ಜನ ಗಮನಿಸದ ಒಂದು ದೂರು ಇತ್ತು. ಆ ವಿದ್ಯಾರ್ಥಿನಿಯರ ವೈಯಕ್ತಿಕ ವಿವರಗಳನ್ನು, ಮೊಬೈಲ್ ನಂಬರ್ ಸಹಿತ, ಕೆಲವರು ಸಾಮಾಜಿಕ ಜಾಲತಾಣಗಳಲ್ಲಿ ಹಂಚುತ್ತಿದ್ದಾರೆ, ಅದನ್ನು ಹಿಡಿದು ಮಕ್ಕಳಿಗೆ ಬೆದರಿಕೆ ಹಾಕಬಹುದು ಎಂದು ಪೋಷಕರು ಉಡುಪಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಟ್ಟರು. ಪಿಯು ಓದುವ ವಯಸ್ಸಿನ ಹುಡುಗಿಯರು. ವಾದಕ್ಕೆ ಒಪ್ಪಲಿ ಬಿಡಲಿ, ಓದುವ ಹುಡುಗಿಯ ಮನೆಯ ನಂಬರ್ ಅಪರಿಚಿತರ ಕೈಗೆ ಹೋಗಬಾರದು ಎಂಬುದರಲ್ಲಿ ಎರಡು ಮಾತಿದೆಯಾ?

ಅದಕ್ಕೆ ಒಂದು ತಿಂಗಳ ಹಿಂದೆ, 2022ರ ಹೊಸ ವರ್ಷದ ದಿನ, ಮುಸ್ಲಿಂ ಮಹಿಳೆಯರ ಫೋಟೊಗಳನ್ನು ಹರಾಜಿಗಿಟ್ಟ ಹಾಗೆ ತೋರಿಸುವ ಬುಲ್ಲಿ ಬಾಯಿ ಎಂಬ ಆ್ಯಪ್ ಹೊರಬಂದಿತ್ತು. 2021ರ ಜುಲೈಯಲ್ಲಿ ಬಂದ ಸುಲ್ಲಿ ಡೀಲ್ಸ್‌ನ ಮುಂದುವರಿಕೆ. ಫೋಟೊಗಳನ್ನು ಕದಿಯಲು ಯಾರೂ ಬೀಗ ಒಡೆಯಲಿಲ್ಲ, ಆ ಮಹಿಳೆಯರು ತಮ್ಮ ಖಾತೆಗಳಲ್ಲಿ ಹಾಕಿಕೊಂಡಿದ್ದ ಸಾದಾ ಚಿತ್ರಗಳು ಅವು. ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಇಪ್ಪತ್ತೊಂದು ವರ್ಷದವ. ಈಗಂತೂ ಒಂದು ಮುಖದ ಚಿತ್ರ ಸಿಕ್ಕರೆ ಸಾಕು, ಎಐ ಎಂಬ ಯಂತ್ರಬುದ್ಧಿ ಅದನ್ನು ಬೇಕಾದ ದೇಹಕ್ಕೆ ಅಂಟಿಸಿ ಕೊಡುತ್ತದೆ.

ದೊಡ್ಡ ಸಂಸ್ಥೆಗಳು ಜಾಗ್ರತೆಯಾಗಿರುತ್ತವೆ, ನಮ್ಮಂಥ ಸಣ್ಣವರಿಗೆ ಮಾತ್ರ ತಿಳಿಯದು ಎಂದುಕೊಂಡಿದ್ದೆವು. ಹಾಗೇನೂ ಇಲ್ಲ. ನಮ್ಮ ಮಕ್ಕಳ ಕನ್ನಡ ಮಾಧ್ಯಮ ಪಠ್ಯಪುಸ್ತಕ ತೆರೆದರೆ ಪಾಠದ ಪಕ್ಕದಲ್ಲಿ ಕಪ್ಪು ಬಿಳಿ ಚೌಕದ ಕ್ಯೂಆರ್ ಕೋಡ್ ಕಾಣುತ್ತದಲ್ಲ, ಅದು ಕರೆದೊಯ್ಯುವುದು ದೀಕ್ಷಾ ಎಂಬ ಕೇಂದ್ರ ಸರಕಾರದ ಕಲಿಕಾ ವೇದಿಕೆಗೆ. 2017ರಲ್ಲಿ ಆರಂಭವಾದ ಇದು ಕೊರೋನ ಕಾಲದಲ್ಲಿ ದೇಶದ ಮಕ್ಕಳಿಗೆಲ್ಲ ಆಸರೆಯಾಯಿತು. ಒಳ್ಳೆಯ ಕೆಲಸವೇ. ಆದರೆ 2022ರ ಮೇ ತಿಂಗಳಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಕಲಿಕಾ ಆ್ಯಪ್‌ಗಳ ಬಗ್ಗೆ ವರದಿ ಹೊರತಂದಾಗ, ದೀಕ್ಷಾ ಆ್ಯಪ್‌ಗೆ ಮಗು ಎಲ್ಲಿದೆ ಎಂಬ ಸ್ಥಳದ ಮಾಹಿತಿಯನ್ನು ಸಂಗ್ರಹಿಸುವ ಶಕ್ತಿ ಇದೆ ಎಂದು ಹೇಳಿತು. 2023ರ ಜನವರಿಯಲ್ಲಿ ವೈರ್ಡ್ ಪತ್ರಿಕೆ ಇನ್ನೊಂದು ಸಂಗತಿ ಬಯಲಿಗೆ ತಂದಿತು. ದೀಕ್ಷಾಕ್ಕೆ ಸೇರಿದ ಮಾಹಿತಿ ಇಟ್ಟಿದ್ದ ಒಂದು ಸರ್ವರ್‌ಗೆ ರಕ್ಷಣೆಯೇ ಇರಲಿಲ್ಲ. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರ್, ಇಮೇಲ್ ಮತ್ತು ಸುಮಾರು 6 ಲಕ್ಷ ವಿದ್ಯಾರ್ಥಿಗಳ ಹೆಸರು, ಶಾಲೆಯ ವಿವರ ಒಂದು ವರ್ಷಕ್ಕೂ ಹೆಚ್ಚು ಕಾಲ ತೆರೆದೇ ಇದ್ದವು. ಮಕ್ಕಳ ಫೋನ್ ಮತ್ತು ಇಮೇಲ್ ಅರ್ಧ ಮರೆಮಾಡಲಾಗಿತ್ತು, ಅಷ್ಟು ಪುಣ್ಯ. ಅಲ್ಲಿಯೂ ಯಾರೂ ಕನ್ನ ಹಾಕಬೇಕಾಗಿರಲಿಲ್ಲ. ಇಟ್ಟವರು ಚಿಲಕ ಹಾಕಿರಲಿಲ್ಲ, ನಮ್ಮ ಗುಂಪಿನ ಹಾಗೆಯೇ.

ಕಾನೂನು ಈ ದೇಶದಲ್ಲಿ ಇಲ್ಲವೆಂದಲ್ಲ. ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಯಾರು ಗೊತ್ತಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟ್ ಮೆಟ್ಟಿಲು ಹತ್ತುವಾಗ ಅವರಿಗೆ 86 ವರ್ಷ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು. 2024ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಇನ್ನೊಂದು ತೀರ್ಪು 2018ರ ಸೆಪ್ಟಂಬರ್ 26ರಂದು ಬಂತು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಮಾಡುವಂತಿಲ್ಲ, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು ಅದರಲ್ಲಿದೆ. ಆಧಾರ್ ಪ್ರತಿ ತಂದರೆ ಮಾತ್ರ ಹೆಸರು ಬರೆಯುತ್ತೇವೆ ಎಂದು ನಾವು ಕೂಡ ಎಷ್ಟು ವರ್ಷ ಹೇಳಿದ್ದೇವೆ!

ಹೊಸದಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳು ಅಲ್ಲಿಂದ ಒಂದೂವರೆ ವರ್ಷಕ್ಕೆ ಜಾರಿಗೆ ಬರುತ್ತವೆ. ಇದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆ ತಾಯಿಯ ಖಚಿತ ಒಪ್ಪಿಗೆ ಬೇಕು. ಮಕ್ಕಳ ವಿಷಯದಲ್ಲಿ ತಪ್ಪಿದವರಿಗೆ 200 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು. ಶಾಲೆಗಳಿಗೆ ಕಲಿಕೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟರ ಮಟ್ಟಿಗೆ ಕೆಲವು ವಿನಾಯಿತಿ ಇದೆ. ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟ ಫಾರ್ಮ್‌ಗೆ ಈ ಕಾಯ್ದೆ ತಾಗುವುದಿಲ್ಲ. ಅದರ ಫೋಟೊ ಹೊಡೆದು ಮೊಬೈಲಿನಲ್ಲಿ ಕಳಿಸಿದರೆ ಅದು ಡಿಜಿಟಲ್ ಮಾಹಿತಿ ಆಗಿಬಿಡುತ್ತದೆ. ಹಳ್ಳಿಯ ಮದ್ರಸಕ್ಕೆ ಯಾರು ಬಂದು ದಂಡ ಹಾಕುತ್ತಾರೆ ಎಂದು ಕೆಲವರು ನಗಬಹುದು. ದಂಡದ ಮಾತು ಹಾಗಿರಲಿ. ಪೋಷಕರು ನಮ್ಮ ಕೈಗೆ ಕೊಟ್ಟದ್ದು ಅಮಾನತ್ ಎಂಬುದು ನಮಗೆ ಹೊಸ ಪಾಠವಲ್ಲ.

ಪಟ್ಟಿಯ ವಿಷಯದಲ್ಲಿ ಎಲ್ಲರೂ ಬೇಗ ಒಪ್ಪಿದರು. ಫೋಟೊ ವಿಷಯಕ್ಕೆ ಬಂದಾಗಲೇ ಕಷ್ಟವಾದದ್ದು.

ಮಿಲಾದ್ ಕಾರ್ಯಕ್ರಮ, ಬಹುಮಾನ ವಿತರಣೆ, ಪುಸ್ತಕ ವಿತರಣೆ, ಯಾವುದೇ ಇರಲಿ, ನಾವು ಫೋಟೊ ಹೊಡೆದು ಫೇಸ್‌ಬುಕ್‌ಗೂ ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕುತ್ತಿದ್ದೆವು. ಮಗುವಿನ ಮುಖ, ಎದೆಯ ಮೇಲೆ ಹೆಸರಿನ ಚೀಟಿ, ಹಿಂದೆ ಊರಿನ ಮತ್ತು ಮದ್ರಸದ ಹೆಸರಿನ ಬ್ಯಾನರ್. ಒಬ್ಬ ಅಪರಿಚಿತನಿಗೆ ಇನ್ನೇನು ಬೇಕು? ಇನ್ನು ಹಾಕುವುದಿಲ್ಲ ಎಂದು ಗುಂಪಿನಲ್ಲಿ ಹೇಳಿದ ರಾತ್ರಿಯೇ ಒಬ್ಬರು ಶಾರ್ಜಾದಿಂದ ಫೋನ್ ಮಾಡಿದರು. ಅವರು ಊರಿಗೆ ಬಂದು ಎರಡೂವರೆ ವರ್ಷ.

"ಮೌಲಾನಾ, ನನ್ನ ಮಗ ಸ್ಟೇಜ್ ಮೇಲೆ ನಿಂತದ್ದನ್ನ ನಾನು ನೋಡುದೇ ನಿಮ್ಮ ಫೋಟೊದಲ್ಲಿ. ಅದನ್ನೂ ನಿಲ್ಲಿಸ್ತೀರಾ?"

ಏನು ಉತ್ತರ ಕೊಡುವುದು? ಈ ಊರಿನ ಮನೆಗಳಲ್ಲಿ ತಂದೆ ಒಂದೋ ಕಡಲಲ್ಲಿ, ಇಲ್ಲ ಗಲ್ಫಿನಲ್ಲಿ. ಆ ಮನುಷ್ಯನ ಆಸೆಯಲ್ಲಿ ತಪ್ಪೇನಿದೆ. ಈಗ ಆಯಾ ಮಗುವಿನ ಫೋಟೊವನ್ನು ಆಯಾ ಮನೆಗೇ ಕಳಿಸುತ್ತಿದ್ದೇವೆ. ನೂರು ಮಕ್ಕಳಿದ್ದರೆ ನೂರು ಸಲ ಕಳಿಸಬೇಕು, ಎರಡು ರಾತ್ರಿ ಬೇಕಾಗುತ್ತದೆ. ಕಿರಿಯ ಉಸ್ತಾದರೊಬ್ಬರು ಗೊಣಗುತ್ತಲೇ ಮಾಡುತ್ತಾರೆ.

ಇದಕ್ಕಿಂತ ಕಷ್ಟದ್ದು ದಾನಿಗಳ ವಿಷಯ. ಯತೀಂ ಮಕ್ಕಳಿಗೆ, ಬಡ ಮಕ್ಕಳಿಗೆ ಬ್ಯಾಗ್, ಯೂನಿಫಾರ್ಮ್ ಕೊಡುವಾಗ ಸಾಲಾಗಿ ನಿಲ್ಲಿಸಿ, ಬ್ಯಾಗನ್ನು ಎದೆಗೆ ಹಿಡಿಸಿ, ಫೋಟೊ ತೆಗೆದು ಕಳಿಸುವ ರೂಢಿ ನಮ್ಮಲ್ಲಿ ಎಷ್ಟು ಕಾಲದಿಂದ ಇದೆ. ಹಣ ಸರಿಯಾಗಿ ಖರ್ಚಾಯಿತಾ ಎಂದು ಕೇಳುವ ಹಕ್ಕು ಕೊಟ್ಟವರಿಗೆ ಇದೆ, ಇಲ್ಲವೆನ್ನುವುದಿಲ್ಲ. ಲೆಕ್ಕಕ್ಕೆ ಅಂಗಡಿಯ ಬಿಲ್ ಇದೆ, ಕಮಿಟಿಯವರ ಸಹಿ ಇದೆ, ರಾಶಿ ಹಾಕಿದ ಬ್ಯಾಗ್‌ಗಳ ಫೋಟೊ ಇದೆ. ಮಗುವಿನ ಮುಖ ಯಾಕೆ? ಆ ಸಾಲಿನಲ್ಲಿ ನಿಂತ ಹುಡುಗ ನಾಳೆ ಕಾಲೇಜಿಗೆ ಹೋಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಮದುವೆಯಾಗುತ್ತಾನೆ. ಫೋಟೊ ಮಾತ್ರ ಯಾರದೋ ಪುಟದಲ್ಲಿ ಹಾಗೇ ಉಳಿದಿರುತ್ತದೆ, ಬಡ ಮಗು ಎಂಬ ಬರಹದ ಜೊತೆಗೆ. ಕಮಿಟಿಯಲ್ಲಿ ಈ ಮಾತು ಎತ್ತಿದಾಗ ಬಿಸಿಯಾಯಿತು. ಫೋಟೊ ಇಲ್ಲದಿದ್ದರೆ ಮುಂದಿನ ವರ್ಷ ಯಾರು ಕೊಡ್ತಾರೆ ಉಸ್ತಾದರೇ ಎಂದು ನಮ್ಮ ಊರ ಕಡೆಯ ಒಬ್ಬರು ಕೇಳಿದರು. ಈ ಸಲ ಮುಖವಿಲ್ಲದ ಫೋಟೊ ಕಳಿಸಿದ್ದೇವೆ. ಒಬ್ಬ ದಾನಿ ಏನೂ ಹೇಳಲಿಲ್ಲ. ಇನ್ನೊಬ್ಬರು ಇದೇ ಸರಿ ಎಂದು ಬರೆದರು. ಮೂರನೆಯವರಿಂದ ಉತ್ತರ ಬಂದಿಲ್ಲ, ಮುಂದಿನ ವರ್ಷ ನೋಡಬೇಕು.

ಮಕ್ಕಳೇ ಆನ್‌ಲೈನ್‌ನಲ್ಲಿ ಸಿಕ್ಕಿಬೀಳುವುದೂ ಇದೆ. ಅದನ್ನು ಬರೆಯದಿದ್ದರೆ ನಾವು ಅರ್ಧ ಮಾತ್ರ ಹೇಳಿದ ಹಾಗೆ. ಮಳೆಗಾಲದ ಎರಡು ತಿಂಗಳು ತಂದೆಯ ಫೋನ್ ಮನೆಯಲ್ಲಿರುತ್ತದೆ, ಅಂದರೆ ಮಕ್ಕಳ ಕೈಯಲ್ಲಿರುತ್ತದೆ. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ 13 ವರ್ಷ ಆಗಬೇಕೆಂದು ಆ ಕಂಪೆನಿಗಳೇ ಹೇಳುತ್ತವೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಇನ್‌ಸ್ಟಾಗ್ರಾಂನಂಥ ಜಾಲತಾಣಗಳ ಖಾತೆಯೇ ಇಲ್ಲ. ನಮ್ಮಲ್ಲಿ ಐದನೇ ತರಗತಿಯ ಹುಡುಗ ಹುಟ್ಟಿದ ವರ್ಷ ಬದಲಿಸಿ ಒಳಗೆ ಹೋಗುತ್ತಾನೆ. ಒಬ್ಬ ಹುಡುಗ, ಹದಿಮೂರು ಹದಿನಾಲ್ಕರವ, ಎಲ್ಲರೂ ಹೋದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತೇ ಇದ್ದ. ಗೇಮ್‌ನಲ್ಲಿ ಪರಿಚಯವಾದ ಯಾರೋ ಒಬ್ಬ ಅವನಿಂದ ಬರಬಾರದ ಫೋಟೊ ತರಿಸಿಕೊಂಡು, ಹಣ ಕೊಡದಿದ್ದರೆ ನಿನ್ನ ತಂದೆಗೆ ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದ. ಹುಡುಗ ಎರಡು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ನಮಗೆ ಹೇಳಲು ಅವನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ಅವತ್ತು ನಾವು ಬೆತ್ತ ತೆಗೆದಿದ್ದರೆ, ಛೀ ಎಂದಿದ್ದರೆ, ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇವೆ. ಹತ್ತು ವರ್ಷದ ಹಿಂದಿನ ನಾವಾಗಿದ್ದರೆ ಛೀ ಎನ್ನುತ್ತಿದ್ದೆವು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಶಿಕ್ಷಕರಿಗೆ ಗೊತ್ತಿರಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಊರಲ್ಲೇ ಮುಗಿಸೋಣ, ಮರ್ಯಾದೆ ಪ್ರಶ್ನೆ ಎಂದು ಮುಚ್ಚಿಟ್ಟರೆ ಮುಚ್ಚಿಟ್ಟವರಿಗೂ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098, ಸೈಬರ್ ದೂರಿಗೆ 1930, ಜಿಲ್ಲೆಯ ಸೈಬರ್ ಅಪರಾಧ ಠಾಣೆ ಕಾರವಾರದಲ್ಲಿದೆ. ಬೆದರಿಸುವವನಿಗೆ ಹಣ ಕೊಡಬಾರದು, ಕೊಟ್ಟರೆ ಮತ್ತೆ ಕೇಳುತ್ತಾನೆ. ಅವನು ಬರೆದ ಬೆದರಿಕೆ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷಿ. ಮುಖ್ಯವಾದ ಇನ್ನೊಂದು: ಆ ಫೋಟೊವನ್ನು ಸಾಕ್ಷಿಗೆಂದು ನಮ್ಮ ಫೋನಿಗೆ ತರಿಸಿಕೊಳ್ಳುವುದು, ಕಮಿಟಿ ಅಧ್ಯಕ್ಷರಿಗೆ ತೋರಿಸಲು ಕಳಿಸುವುದು ಬೇಡವೇ ಬೇಡ. ಮಕ್ಕಳ ಅಂಥ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದೂ ಅಪರಾಧವಾಗುತ್ತದೆ ಎಂಬುದನ್ನು 2024ರ ಸೆಪ್ಟಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಒಳ್ಳೆಯ ಉದ್ದೇಶದಿಂದ ಹೊರಟ ದೊಡ್ಡವರು ಎಡವುವುದು ಇಲ್ಲೇ. ಅಮೆರಿಕದ ಒಂದು ಮಕ್ಕಳ ರಕ್ಷಣಾ ಸಂಸ್ಥೆ ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಿದೆ. ಫೋಟೊವನ್ನು ಅವರಿಗೆ ಕಳಿಸಬೇಕಾಗಿಲ್ಲ. ಅದರ ಗುರುತಿನ ಸಂಖ್ಯೆಯನ್ನಷ್ಟೇ ತೆಗೆದುಕೊಂಡು, ಸೇವೆಗೆ ಸೇರಿದ ಜಾಲತಾಣಗಳು ಆ ಚಿತ್ರ ಕಂಡರೆ ತೆಗೆದುಹಾಕುತ್ತವೆ. ಆ ಹುಡುಗನ ತಂದೆಗೆ ವಿಷಯ ಹೇಳಲು ನಾವೇ ಅವರ ಮನೆಗೆ ಹೋದೆವು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನನ್ನು ಹತ್ತಿರ ಕೂರಿಸಿಕೊಂಡರು. ಉಳಿದದ್ದನ್ನು ಬರೆಯುವುದು ಸರಿಯಲ್ಲ.

ಮದ್ರಸದಲ್ಲಿ ಈಗ ಕೆಲವು ಬದಲಾವಣೆ ಮಾಡಿದ್ದೇವೆ. ಹೊಸ ಫಾರ್ಮ್‌ನಲ್ಲಿ ಆಧಾರ್ ಕಾಲಂ ಇಲ್ಲ, ನಮಗೆ ಅದರಿಂದ ಆಗಬೇಕಾದ ಕೆಲಸವೇ ಇರಲಿಲ್ಲ. ಯಾವುದಾದರೂ ಅರ್ಜಿಗೆ ಬೇಕೇ ಬೇಕಾದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳಬಹುದು, ಅದು ನಡೆಯುವ ಕಡೆ ಅದನ್ನೇ ಕೊಡಿ ಎನ್ನುತ್ತೇವೆ. ಹೆಸರು ಸರಿಯಿದೆಯಾ ಎಂದು ನೋಡಲು ತಾಯಂದಿರೇ ಬಂದು ಪುಸ್ತಕ ನೋಡಬಹುದು, ಬರಲಾಗದವರಿಗೆ ಅವರ ಮಗುವಿನ ಸಾಲು ಮಾತ್ರ. ಹಳೆಯ ಫಾರ್ಮ್‌ಗಳನ್ನು ಗುಜರಿಗೆ ಕೊಡದೆ ಹಿತ್ತಲಲ್ಲಿ ಸುಟ್ಟೆವು, ಮಳೆಯಲ್ಲಿ ಹೊತ್ತಿಕೊಳ್ಳಲು ಅರ್ಧ ದಿನ ಹಿಡಿಯಿತು. ಗುಂಪಿನ ಹಳೆಯ ಲಿಂಕ್ ರದ್ದು ಮಾಡಿದ್ದೇವೆ. ಸಾಧಾರಣ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಕಮ್ಯುನಿಟಿ ಎಂಬ ಸೌಲಭ್ಯದ ಪ್ರಕಟಣೆ ಗುಂಪಿನಲ್ಲಿ ಹಾಗಲ್ಲ, ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ಎಂಟನೇ ತರಗತಿಯ ಒಬ್ಬ ಹುಡುಗಿಯ ಅಣ್ಣ ಬಂದು ಅದನ್ನು ನಮಗೆ ಕಲಿಸಿಕೊಟ್ಟ.

ಹೊಸ ಗುಂಪಿಗೆ ಸೇರಿಸುವ ಮುಂಚೆ ಹಳೆಯ ನಂಬರ್‌ಗಳಿಗೆಲ್ಲ ಒಂದೊಂದಾಗಿ ಫೋನ್ ಮಾಡಿದೆವು. ಮೂರು ಸಂಜೆ ಬೇಕಾಯಿತು. ಒಂದು ನಂಬರ್ ಹುಬ್ಬಳ್ಳಿಯ ಯಾವುದೋ ಹಾರ್ಡ್‌ವೇರ್ ಅಂಗಡಿಯದ್ದಾಗಿತ್ತು, ತಮ್ಮನ್ನು ಈ ಗುಂಪಿಗೆ ಯಾಕೆ ಸೇರಿಸಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ. ಹಲವು ನಂಬರ್‌ಗಳಲ್ಲಿ ಫೋನ್ ಎತ್ತಲಿಲ್ಲ, ಅವನ್ನೆಲ್ಲ ಬಿಟ್ಟೆವು. ಮಾರನೇ ದಿನ ಅದರಲ್ಲೊಂದು ನಂಬರಿನಿಂದ ಫೋನ್ ಬಂತು. ಮುರ್ಡೇಶ್ವರದ ಕಡೆಯ ಒಬ್ಬ ಅಜ್ಜಿ. ಮೊಮ್ಮಗ ನಮ್ಮಲ್ಲಿ ಓದುತ್ತಾನಂತೆ, ಗುಂಪಿನಲ್ಲಿ ಬರುವ ಅವನ ಕುರ್‌ಆನ್ ಓದಿನ ಧ್ವನಿ ಕೇಳುವುದಕ್ಕೆಂದೇ ಅವರು ಅಲ್ಲಿದ್ದದ್ದು. ಹುಡುಗನ ತಾಯಿಯನ್ನು ಕೇಳಿ ಖಚಿತ ಮಾಡಿಕೊಂಡು ಅಜ್ಜಿಯನ್ನು ಮತ್ತೆ ಸೇರಿಸಿದೆವು.